ಉಟ್ಸಿರಾದಲ್ಲಿ ಎರಡು ಗೋಪುರ, ಒಂದೇ ದೀಪ

ನಾರ್ವೆಯ ಸ್ಟಾವಂಗರಿಗೆ ಕೆಲಸಕ್ಕೆ ಬಂದಾಗಿನಿಂದ ಹೋಗ್ಬೇಕು ಹೋಗ್ಬೇಕು ಅಂತಿದ್ದ ಉಟ್ಸಿರಾ ದ್ವೀಪಕ್ಕೆ ಈ ಸೆಪ್ಟೆಂಬರಲ್ಲಿ ಅಮ್ಮನ್ನ ಕರ್ಕೊಂಡು ಹೋಗಿ ಬಂದೆ. ಹೌಗೆಸುಂಡ್‌ನಿಂದ ಫೆರ್ರಿಲಿ ಒಂದು ಗಂಟೆ ಮೇಲಾಗುತ್ತೆ, ಪೂರ್ತಿ ಬಯಲು ಸಮುದ್ರ, ಅಲೆಗೆ ಫೆರ್ರಿ ಎದ್ದು ಬೀಳೋದು ನೋಡಿ ಅಮ್ಮ ನನ್ನ ಕೈ ಹಿಡ್ಕೊಂಡು ಕಣ್ಮುಚ್ಚಿ ಕೂತ್ಬಿಟ್ರು.

ದ್ವೀಪದಲ್ಲಿರೋದೇ ಸುಮಾರು 200 ಜನ, ಆದ್ರೂ ಅದೇ ಒಂದು ಮುನ್ಸಿಪಾಲಿಟಿ. 1925ರ ಎಲೆಕ್ಷನ್ನಲ್ಲಿ 12 ಸೀಟಿಗೆ 11 ಹೆಂಗಸರೇ ಬಂದು, ಊರಿನ ಸೂಲಗಿತ್ತಿ ಓಸಾ ಹೆಲ್ಗೆಸೆನ್ ನಾರ್ವೆಯ ಮೊದಲ ಮಹಿಳಾ ಮೇಯರ್ ಆದ್ರಂತೆ. ಇದನ್ನ ಹೇಳಿದ್ಮೇಲೆ ಅಮ್ಮಂಗೆ ಆ ಊರು ಒಂಥರಾ ಹತ್ತಿರ ಆಯ್ತು, ದಾರಿಲಿ ಸಿಕ್ಕ ಅಜ್ಜಿಯರಿಗೆಲ್ಲ ಕೈ ಮುಗಿದ್ರು.

ಕುರಿ ಮೇಯೋ ಗುಡ್ಡ ಹತ್ತಿದ್ರೆ ಲೈಟ್‌ಹೌಸು. ಕೆಂಪು ಗೋಪುರ ಒಂದು, ಸ್ವಲ್ಪ ದೂರದಲ್ಲೇ ದೀಪ ಇಲ್ದಿರೋದು ಇನ್ನೊಂದು.

"ಎರಡ್ಯಾಕೋ ಕಟ್ಟಿದ್ರು?" ಅಂದ್ರು ಅಮ್ಮ.

ನಾನು ಅಷ್ಟು ದೂರ ಹೋಗಿದ್ದೇ ಅದನ್ನ ನೋಡೋಕೆ. 1844ರಲ್ಲಿ ಇದು ಶುರುವಾದಾಗ ದೀಪ ಮಿನುಗ್ತಿರ್ಲಿಲ್ಲ, ಒಂದೇ ಸಮ ಉರೀತಿತ್ತು, ಕಗ್ಗತ್ತಲಲ್ಲಿ ಹಡಗಿನವನಿಗೆ ಇದು ಯಾವ ಊರಿನ ದೀಪ ಅಂತ ಗೊತ್ತಾಗೋದು ಹೇಗೆ, ತಪ್ಪು ತಿಳಿದ್ರೆ ಸೀದಾ ಬಂಡೆಗೇ. ಅದಕ್ಕೆ ಇಲ್ಲಿ ಜೋಡಿ ದೀಪ ಇಟ್ರು, ಎರಡು ಕಂಡ್ರೆ ಉಟ್ಸಿರಾ. 1890ರಲ್ಲಿ ತಿರುಗೋ ದೊಡ್ಡ ಫ್ರೆನೆಲ್ ಲೆನ್ಸ್ ಬಂತು, ಮಿನುಗೋ ಲೆಕ್ಕದಲ್ಲೇ ದೀಪದ ಗುರುತು ಸಿಗ್ತು, ಎರಡನೇ ಗೋಪುರ ಆರಿತು.

ಆ ಲೆನ್ಸ್ ನೋಡೋದೇ ಒಂದು ಖುಷಿ. ಗಾಜಿನ ಬಳೆ ಒಂದರೊಳಗೊಂದು ಜೋಡಿಸಿದ ಹಾಗೆ, ಒಂದೊಂದು ಅಂಚೂ ಬೇರೆ ಬೇರೆ ಓರೆಗೆ ಕಡಿದಿದ್ದು, ನಡುವಿನ ಬೆಳಕು ಚೆಲ್ಲಾಪಿಲ್ಲಿ ಆಗದ ಹಾಗೆ ಬಗ್ಗಿಸಿ ಒಂದೇ ಕಡೆಗೆ ಕಳಿಸುತ್ತೆ. ಸಮುದ್ರಮಟ್ಟದಿಂದ 78 ಮೀಟರ್ ಎತ್ತರದಲ್ಲಿದೆ, ನಾರ್ವೆಲಿ ಇಷ್ಟು ಎತ್ತರದ ದೀಪ ಬೇರೆ ಇಲ್ಲ. 2004ರಲ್ಲಿ ಆಟೊಮ್ಯಾಟಿಕ್ ಆಯ್ತು, ಕಾಯೋರ ಕೆಲಸ ಮುಗೀತು.

ನಂಗೆ ಮಾತ್ರ ಆರಿದ ಗೋಪುರದ ಹತ್ರಾನೇ ಜಾಸ್ತಿ ಹೊತ್ತು ನಿಲ್ಲಬೇಕು ಅನ್ಸ್ತು, ಕಲ್ಲಿನ ಗೋಡೆ ಮುಟ್ಟಿದ್ರೆ ಮಂಜಿನಷ್ಟು ತಣ್ಣಗಿತ್ತು. ನಲವತ್ತಾರು ವರ್ಷ ಎಷ್ಟು ಜನ ಹಡಗಲ್ಲಿ ನಿಂತ್ಕೊಂಡು ಒಂದು, ಎರಡು ಅಂತ ಎಣಿಸಿ ಉಸಿರು ಬಿಟ್ಟಿರ್ಬಹುದು.

ರಾತ್ರಿ ಅಲ್ಲೇ ಉಳ್ಕೊಂಡ್ವಿ. ಅಮ್ಮ ಕಂಬಳಿ ಹೊದ್ದು ಕಿಟಕಿ ಹತ್ರ ಕೂತು, ಒಂದು ಸಲ ಬೆಳಕು ಬಂದು ಮತ್ತೆ ಬರೋವರೆಗೂ ಬೆರಳಲ್ಲಿ ಎಣಿಸ್ತಾ ಇದ್ರು.