ಹಣೆಯ ಗೆರೆಯಿಂದ ತಿಳಿಯುವುದು: ಮಿದುಳು ಮತ್ತು ಅದರ ಹನ್ನೆರಡು ಜೋಡಿ ನರಗಳು

ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿರುತ್ತದೆ. ಇಂಥವರನ್ನು ಕಂಡ ಕೂಡಲೇ ನಮ್ಮ ಕೊಡಗಿನಲ್ಲಿ ಮನೆಯವರೂ ನೆರೆಯವರೂ ಹೇಳುವುದು ಒಂದೇ: ಚಳಿಗಾಳಿ ಬಡಿದಿದೆ, ಕಿವಿಗೆ ಹತ್ತಿ ಇಟ್ಟು ಮಫ್ಲರ್ ಸುತ್ತಿಕೊಳ್ಳಿ, ಎಣ್ಣೆ ಕಾಯಿಸಿ ತಿಕ್ಕಿದರೆ ಸರಿಹೋಗುತ್ತದೆ. ಮಡಿಕೇರಿಯ ಸುತ್ತಮುತ್ತ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವ ನನಗೆ ಈ ಮಾತು ಕೇಳಿದಾಗಲೆಲ್ಲ ಆತಂಕವಾಗುತ್ತದೆ. ಮುಖ ಸೊಟ್ಟಗಾಗುವುದಕ್ಕೆ ಕಾರಣ ಮಿದುಳಿನ ಒಳಗೇ ಇರಬಹುದು, ಇಲ್ಲವೇ ಮಿದುಳಿನಿಂದ ಹೊರಬಂದ ಒಂದು ನರದಲ್ಲಿ ಇರಬಹುದು. ಮೊದಲನೆಯದಾಗಿದ್ದರೆ ಎಣ್ಣೆ ಕಾಯಿಸುವಷ್ಟು ಸಮಯವೂ ಅಮೂಲ್ಯ. ಈ ಎರಡರ ವ್ಯತ್ಯಾಸ ಮನಸ್ಸಿಗೆ ಹತ್ತಬೇಕಾದರೆ ಮಿದುಳಿನ ರಚನೆಯ ಸ್ಥೂಲ ಪರಿಚಯವಾದರೂ ಬೇಕು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2ರಷ್ಟೇ ಆದರೂ, ನಾವು ಸುಮ್ಮನೆ ಕುಳಿತಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೇ ತೆಗೆದುಕೊಳ್ಳುತ್ತದೆ. ಈ ಹಸಿವಿಗೆ ತಕ್ಕ ದಾಸ್ತಾನು ಅದರಲ್ಲಿಲ್ಲ; ಆದ್ದರಿಂದಲೇ ರಕ್ತದ ಹರಿವು ನಿಂತ ಕೆಲವೇ ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ. ಗಟ್ಟಿ ಮೊಸರಿನಷ್ಟು ಮೆತ್ತಗಿರುವ ಈ ಅಂಗವನ್ನು ತಲೆಬುರುಡೆಯೊಳಗೆ ಮೂರು ಪೊರೆಗಳು ಸುತ್ತುವರಿದಿವೆ, ಒಳಗಿನ ಎರಡು ಪೊರೆಗಳ ನಡುವೆ ಮಿದುಳು-ಬೆನ್ನುಹುರಿಯ ದ್ರವ ಹರಿಯುತ್ತದೆ. ಒಂದು ಹೊತ್ತಿನಲ್ಲಿ ಇರುವ ದ್ರವ ಸುಮಾರು 150 ಮಿಲಿಲೀಟರ್. ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ಅದು ದಿನಕ್ಕೆ ಮೂರು ಬಾರಿಗಿಂತ ಹೆಚ್ಚು ಹೊಸದಾಗುತ್ತಿರುತ್ತದೆ.

ಮಿದುಳಿನ ಅತಿ ದೊಡ್ಡ ಭಾಗವಾದ ಮಹಾಮಸ್ತಿಷ್ಕದ ಮುಂಭಾಗ ಯೋಚನೆ, ನಿರ್ಧಾರ ಮತ್ತು ಚಲನೆಯ ಆಜ್ಞೆಗಳಿಗೆ ಸೇರಿದ್ದು. ಅದರ ಹಿಂದಿನ ಭಾಗ ಸ್ಪರ್ಶಕ್ಕೆ, ಕಿವಿಯ ಬಳಿಯ ಭಾಗ ಶ್ರವಣ ಮತ್ತು ನೆನಪಿಗೆ, ತಲೆಯ ಹಿಂಬದಿಯದು ದೃಷ್ಟಿಗೆ. ಎಡಗೈಯನ್ನು ಆಡಿಸುವ ಆಜ್ಞೆ ಮಿದುಳಿನ ಬಲಭಾಗದಿಂದ ಹೊರಡುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಹಿಂಬದಿಯಲ್ಲಿ ಕೆಳಗಿರುವ ಅನುಮಸ್ತಿಷ್ಕ ಚಲನೆಗಳನ್ನು ಹದಗೊಳಿಸುತ್ತದೆ. ಗಾತ್ರದಲ್ಲಿ ಮಿದುಳಿನ ಹತ್ತನೇ ಒಂದು ಭಾಗದಷ್ಟೇ ಇದ್ದರೂ ಮಿದುಳಿನ ಒಟ್ಟು ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕರಷ್ಟು ಅಲ್ಲಿಯೇ ಇವೆ. ಇವೆರಡಕ್ಕೂ ಬೆನ್ನುಹುರಿಗೂ ನಡುವೆ ಇರುವುದು ಮಿದುಳಕಾಂಡ. ಮೇಲಿನಿಂದ ಮಧ್ಯಮಿದುಳು, ಪಾನ್ಸ್, ಮೆಡುಲ್ಲಾ ಎಂಬ ಮೂರು ಭಾಗಗಳ ಇದು ಹೆಬ್ಬೆರಳಿನ ಗಾತ್ರಕ್ಕಿಂತ ಹೆಚ್ಚು ದೊಡ್ಡದಲ್ಲ. ಆದರೆ ಉಸಿರು, ಹೃದಯದ ಬಡಿತ, ಎಚ್ಚರ ಇವೆಲ್ಲದರ ಹಿಡಿತ ಇಲ್ಲಿದೆ, ಮತ್ತು ತಲೆಬುರುಡೆಯಿಂದ ಹೊರಬರುವ ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ಮೊದಲ ಎರಡನ್ನು ಬಿಟ್ಟರೆ ಉಳಿದವು ಹೊರಡುವುದೂ ಇಲ್ಲಿಂದಲೇ. ಹನ್ನೊಂದನೆಯದು ಮಾತ್ರ ಮುಖ್ಯವಾಗಿ ಕತ್ತಿನ ಬೆನ್ನುಹುರಿಯಿಂದ ಹೊರಟು, ತಲೆಬುರುಡೆಯೊಳಗೆ ಏರಿ, ಮತ್ತೆ ಕೆಳಗಿಳಿಯುತ್ತದೆ.

ಈ ಹನ್ನೆರಡನ್ನು ಬಿಡಿಸಿ ಎಣಿಸಲು ಮನುಷ್ಯರಿಗೆ ಶತಮಾನಗಳೇ ಬೇಕಾದವು. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಏಳು ಜೋಡಿಗಳನ್ನು ಎಣಿಸಿದ್ದ. 1664ರಲ್ಲಿ ಮಿದುಳಿನ ರಚನೆಯ ಬಗ್ಗೆ ಗ್ರಂಥ ಪ್ರಕಟಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅದಕ್ಕಿಂತ ಮುಂದೆ ಹೋದನಾದರೂ ಮುಖದ ನರವನ್ನೂ ಕಿವಿಯ ನರವನ್ನೂ ಒಂದೇ ಜೋಡಿಯಲ್ಲಿ ಸೇರಿಸಿದ. ಇಂದು ನಾವು ಬಳಸುವ ಹನ್ನೆರಡರ ಎಣಿಕೆಯನ್ನು ಕೊಟ್ಟವನು ಜರ್ಮನಿಯ ಸ್ಯಾಮ್ಯುಯೆಲ್ ಥಾಮಸ್ ಸೋಮ್ಮೆರಿಂಗ್. ಅದು 1778ರ ಅವನ ಪ್ರಬಂಧ.

ಮೊದಲನೆಯದು ವಾಸನೆಯ ನರ. ಅದನ್ನು ಪರೀಕ್ಷಿಸಲು ಪ್ರಪಂಚದ ಎಲ್ಲೆಡೆ ವೈದ್ಯರು ಬಳಸುವ ವಸ್ತುಗಳಲ್ಲಿ ಕಾಫಿಪುಡಿಯೂ ಒಂದು ಎಂಬುದು ನಮ್ಮ ಜಿಲ್ಲೆಯವರಿಗೆ ಸಂತೋಷದ ವಿಷಯ. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆಯನ್ನು ಒತ್ತಿಹಿಡಿದು, ಇನ್ನೊಂದರ ಕೆಳಗೆ ಪುಡಿಯನ್ನು ಹಿಡಿಯಬೇಕು. ಈ ನರದ ಎಳೆಗಳು ಮೂಗಿನ ಮೇಲ್ಛಾವಣಿಯ ತೆಳುವಾದ, ಸಣ್ಣ ಸಣ್ಣ ರಂಧ್ರಗಳಿರುವ ಮೂಳೆಯನ್ನು ದಾಟಿ ಮೇಲಕ್ಕೆ ಹೋಗುತ್ತವೆ. ತಲೆಗೆ ಜೋರಾದ ಪೆಟ್ಟು ಬಿದ್ದಾಗ ಮಿದುಳು ಒಳಗೆ ಅಲುಗಿ ಈ ಎಳೆಗಳು ಆ ರಂಧ್ರಗಳಲ್ಲಿಯೇ ಹರಿದುಹೋಗುವುದುಂಟು. ಕಾಫಿ ಕೊಯ್ಲು ಮುಗಿದ ಮೇಲೆ ಸಿಲ್ವರ್ ಓಕ್ ಮರಗಳಿಗೆ ಏಣಿ ಹಾಕಿ ಒಳ್ಳೆಮೆಣಸು ಕೊಯ್ಯುವವರು ಬಿದ್ದಾಗ ಕೈಕಾಲಿನ ಮೂಳೆಯನ್ನು ಎಲ್ಲರೂ ವಿಚಾರಿಸುತ್ತಾರೆ. ವಾಸನೆ ಗೊತ್ತಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ಗ್ಯಾಸ್ ಸೋರುವುದು, ಅನ್ನ ಸೀಯುವುದು, ಸಾರು ಹಳಸಿದ್ದು ಯಾವುದೂ ತಿಳಿಯದ ಬದುಕು ಎಷ್ಟು ಅಪಾಯದ್ದು ಎಂಬುದು ಅಡುಗೆಮನೆಯಲ್ಲಿ ನಿಲ್ಲುವವರಿಗೆ ಗೊತ್ತು.

ಅಂಥ ಬೀಳುವಿಕೆಯಲ್ಲಿ ಇನ್ನೂ ತುರ್ತಾಗಿ ನೋಡಬೇಕಾದದ್ದು ಕಣ್ಣಿನ ಪಾಪೆ. ಎರಡನೆಯದಾದ ದೃಷ್ಟಿನರ ಬೆಳಕಿನ ಸುದ್ದಿಯನ್ನು ಒಳಗೆ ಒಯ್ಯುತ್ತದೆ, ಮೂರನೆಯ ನರ ಪಾಪೆಯನ್ನು ಕಿರಿದಾಗಿಸುವ ಆಜ್ಞೆಯನ್ನು ಹೊರಗೆ ತರುತ್ತದೆ. ಒಂದೇ ಕಣ್ಣಿಗೆ ಟಾರ್ಚ್ ಬಿಟ್ಟರೂ ಎರಡೂ ಪಾಪೆಗಳು ಒಟ್ಟಿಗೆ ಕಿರಿದಾಗಬೇಕು. ತಲೆಬುರುಡೆಯೊಳಗೆ ರಕ್ತ ಸೋರಿ ಒತ್ತಡ ಏರಿದರೆ ಮಿದುಳು ಪಕ್ಕಕ್ಕೆ ಸರಿದು ಮೂರನೆಯ ನರವನ್ನು ಒತ್ತುತ್ತದೆ. ಆಗ ಆ ಬದಿಯ ಪಾಪೆ ದೊಡ್ಡದಾಗಿ, ಬೆಳಕಿಗೂ ಅಲುಗದೆ ನಿಲ್ಲುತ್ತದೆ. ಮರದಿಂದ ಬಿದ್ದವರು ಎದ್ದು ಕುಳಿತು, ಎಲೆ-ಅಡಿಕೆ ಹಾಕಿಕೊಂಡು, ಏನೂ ಆಗಿಲ್ಲವೆಂದು ತೋಟದ ಕಾರ್ಮಿಕರ ಲೈನ್‌ಮನೆಗೆ ನಡೆದುಹೋಗಿ, ಕೆಲವು ಗಂಟೆಗಳ ನಂತರ ಎಚ್ಚರ ತಪ್ಪುವುದು ಇಂಥ ರಕ್ತಸ್ರಾವದಲ್ಲಿ ಸಾಧ್ಯ. ಆದ್ದರಿಂದ ಬಿದ್ದವರು ಮಾತಾಡುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವರನ್ನು ಮಲಗಲು ಬಿಟ್ಟು ಹೋಗಬಾರದು.

ನಾಲ್ಕನೆಯದೂ ಆರನೆಯದೂ ಕಣ್ಣುಗುಡ್ಡೆಯನ್ನು ತಿರುಗಿಸುವ ನರಗಳು. ಅವು ಕೆಟ್ಟರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಐದನೆಯದಾದ ಟ್ರೈಜೆಮಿನಲ್ ನರ ಕಪಾಲ ನರಗಳಲ್ಲೇ ದಪ್ಪನೆಯದು. ಮುಖದ ಸ್ಪರ್ಶ, ನೋವು, ಬಿಸಿ, ತಣ್ಪು ಎಲ್ಲವನ್ನೂ ಮೂರು ಕವಲುಗಳಲ್ಲಿ ಅದೇ ಒಯ್ಯುತ್ತದೆ, ಅಗಿಯುವ ಸ್ನಾಯುಗಳನ್ನೂ ಅದೇ ನಡೆಸುತ್ತದೆ. ನಮ್ಮ ಹಂದಿಮಾಂಸದ ಪಂದಿ ಕರಿಯ ಒಂದು ತುತ್ತನ್ನು ಬಾಯಿಗಿಟ್ಟಾಗ ಏನಾಗುತ್ತದೆಂದು ಯೋಚಿಸಿದರೆ ಈ ನರಗಳ ಕೆಲಸದ ಹಂಚಿಕೆ ಚೆನ್ನಾಗಿ ತಿಳಿಯುತ್ತದೆ. ಅದಕ್ಕೆ ಹಾಕುವ ಹುಳಿರಸವಾದ ಕಾಚಂಪುಳಿಯ ಹುಳಿಯನ್ನು ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದಿಂದ ಏಳನೆಯ ನರವೂ ಹಿಂದಿನ ಭಾಗದಿಂದ ಒಂಬತ್ತನೆಯ ನರವೂ ಒಯ್ಯುತ್ತವೆ. ಹುರಿದ ಮಸಾಲೆಯ ಘಮ ಗಂಟಲಿನ ಹಿಂದಿನಿಂದ ಮೂಗಿಗೇರಿ ಮೊದಲನೆಯ ನರವನ್ನು ಸೇರುತ್ತದೆ. ಒಳ್ಳೆಮೆಣಸಿನ ಖಾರ ಮಾತ್ರ ರುಚಿಯ ನರಗಳದ್ದಲ್ಲ. ಮೆಣಸಿನ ಪೈಪರಿನ್, ಸುಡುವ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕೆರಳಿಸುತ್ತದೆ, ಆ ಸುದ್ದಿ ಹೋಗುವುದು ಬಹುಪಾಲು ಐದನೆಯ ನರದ ಮೂಲಕ. ವಾಸನೆಯ ಪರೀಕ್ಷೆಗೆ ಅಮೋನಿಯಾದಂತಹ ಘಾಟಿನ ವಸ್ತುವನ್ನು ಬಳಸದಿರುವುದೂ ಇದೇ ಕಾರಣಕ್ಕೆ: ವಾಸನೆಯ ನರ ಸತ್ತಿದ್ದರೂ ಐದನೆಯ ನರ ಆ ಘಾಟನ್ನು ಹಿಡಿದುಬಿಡುತ್ತದೆ.

ಎಂಟನೆಯ ನರ ಶ್ರವಣಕ್ಕೂ ಸಮತೋಲಕ್ಕೂ ಸೇರಿದ್ದು. ಒಂಬತ್ತು ಮತ್ತು ಹತ್ತನೆಯವು ನುಂಗುವುದನ್ನು ನೋಡಿಕೊಳ್ಳುತ್ತವೆ. ಹತ್ತನೆಯದಾದ ವೇಗಸ್ ನರ ಗಂಟಲಿನಲ್ಲಿ ನಿಲ್ಲದೆ ಎದೆ, ಹೊಟ್ಟೆಗಳವರೆಗೆ ಇಳಿಯುತ್ತದೆ. 1921ರಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ನರಗಳು ರಾಸಾಯನಿಕಗಳ ಮೂಲಕ ಆಜ್ಞೆ ರವಾನಿಸುತ್ತವೆ ಎಂಬುದಕ್ಕೆ ಸಿಕ್ಕ ಆ ಸಾಕ್ಷ್ಯ ನನಗೆ ಇಂದಿಗೂ ವಿಸ್ಮಯ ಹುಟ್ಟಿಸುತ್ತದೆ. ನಮ್ಮ ಮನೆಗಳಿಗೆ ಬೇಕಾದ ಪಾಠ ಮಾತ್ರ ಗಂಟಲಿನದು. ಪಾರ್ಶ್ವವಾಯು ಹೊಡೆದವರಿಗೆ ಮೊದಲು ಬಿಸಿ ಕಾಫಿ ಕುಡಿಸುವ ಅಭ್ಯಾಸ ನಮ್ಮಲ್ಲಿದೆ, ಪ್ರೀತಿಯಿಂದಲೇ ಮಾಡುತ್ತಾರೆ. ನುಂಗುವ ನರಗಳ ಹಿಡಿತ ತಪ್ಪಿದ್ದರೆ ಆ ಕಾಫಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು. ಆಸ್ಪತ್ರೆಯಲ್ಲಿ ನುಂಗುವಿಕೆಯನ್ನು ಪರೀಕ್ಷಿಸುವ ತನಕ ನೀರನ್ನೂ ಮಾತ್ರೆಯನ್ನೂ ಬಾಯಿಗೆ ಹಾಕಬಾರದು. ಹನ್ನೊಂದನೆಯದು ಭುಜ ಎತ್ತಲು, ಕತ್ತು ತಿರುಗಿಸಲು. ಹನ್ನೆರಡನೆಯದು ನಾಲಿಗೆಯನ್ನು ಆಡಿಸಲು.

ಏಳನೆಯದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಮುಖದ ಈ ನರ ಪಾನ್ಸ್ ಮತ್ತು ಮೆಡುಲ್ಲಾ ಸೇರುವಲ್ಲಿ ಹೊರಬಂದು, ಕಿವಿಯ ಮೂಳೆಯೊಳಗಿನ ಇಕ್ಕಟ್ಟಾದ ಕಾಲುವೆಯಲ್ಲಿ ಸಾಗಿ, ಕಿವಿಯ ಹಿಂದೆ ಕೆಳಗಡೆ ಮೂಳೆಯಿಂದ ಹೊರಬಿದ್ದು, ಐದು ಕವಲಾಗಿ ಮುಖದಲ್ಲಿ ಹರಡುತ್ತದೆ. ಆ ಕಾಲುವೆಯೊಳಗೆ ನರ ಊದಿಕೊಂಡರೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ತನ್ನನ್ನು ತಾನೇ ಹಿಸುಕಿಕೊಂಡಂತಾಗಿ ಮುಖದ ಅರ್ಧಭಾಗ ಸೋಲುತ್ತದೆ. ಇದೇ ಬೆಲ್ಸ್ ಪಾಲ್ಸಿ. ಹತ್ತೊಂಬತ್ತನೇ ಶತಮಾನದಲ್ಲಿ ಈ ನರದ ಮೇಲೆ ಕೆಲಸ ಮಾಡಿದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಅವರ ಹೆಸರು ಅದಕ್ಕೆ ಉಳಿದಿದೆ. ಊತಕ್ಕೆ ಹರ್ಪಿಸ್ ಜಾತಿಯ ವೈರಸ್ ಕಾರಣವಿರಬಹುದೆಂದು ವೈದ್ಯರು ಬಲವಾಗಿ ಶಂಕಿಸುತ್ತಾರೆ.

ಮಿದುಳಿನ ಒಳಗಿನ ಪೆಟ್ಟಿನಿಂದಲೂ ಮುಖ ಸೋಲುತ್ತದೆ, ಆದರೆ ಒಂದು ವ್ಯತ್ಯಾಸದೊಂದಿಗೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಭಾಗಗಳಿಂದ ಆಜ್ಞೆ ಬರುತ್ತದೆ, ಕೆನ್ನೆ ಮತ್ತು ಬಾಯಿಗೆ ಬಹುಪಾಲು ಎದುರು ಭಾಗದಿಂದ ಮಾತ್ರ. ಹೀಗಾಗಿ ಮಹಾಮಸ್ತಿಷ್ಕದ ಒಂದು ಬದಿಗೆ ರಕ್ತದ ಹರಿವು ನಿಂತು ಪಾರ್ಶ್ವವಾಯುವಾದರೆ ಬಾಯಿ ಸೊಟ್ಟಗಾದರೂ ಹಣೆ ಕೆಲಸ ಮಾಡುತ್ತಿರುತ್ತದೆ. ನರವೇ ಸೋತರೆ ಹಣೆಯೂ ಸೋಲುತ್ತದೆ. ಸಿದ್ದಾಪುರದ ಕಡೆ ಒಂದು ಮನೆಯಲ್ಲಿ, ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಹಿರಿಯರೊಬ್ಬರಿಗೆ ‘ಅಜ್ಜ, ಹುಬ್ಬು ಮೇಲೆ ಮಾಡಿ’ ಎಂದೆ. ಬಾಯಿಯ ಬಲತುದಿ ಜೋತುಬಿದ್ದಿತ್ತು, ಆದರೆ ಹಣೆಯ ಗೆರೆಗಳು ಎರಡೂ ಕಡೆ ಒಂದೇ ಸಮನಾಗಿ ಮೂಡಿದವು. ಮಿದುಳಿನ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದವರು ಅವರು. ಬೆಲ್ಸ್ ಪಾಲ್ಸಿಯಾದ ಯುವತಿಯೊಬ್ಬರ ಹಣೆಯಾದರೋ ಎಡಗಡೆ ಗೆರೆಯೇ ಇಲ್ಲದೆ ನುಣುಪಾಗಿತ್ತು. ಕಣ್ಣು ಮುಚ್ಚಿ ಎಂದಾಗ ಎಡರೆಪ್ಪೆ ಅರ್ಧಕ್ಕೆ ನಿಂತು, ಕಣ್ಣುಗುಡ್ಡೆ ಮೇಲಕ್ಕೆ ತಿರುಗಿ, ಬಿಳಿಭಾಗ ಮಾತ್ರ ಕಾಣುತ್ತಿತ್ತು. ‘ಅಕ್ಕಾ, ಆ ಕಿವಿಗೆ ಪಾತ್ರೆ ಸದ್ದೂ ಜೋರಾಗಿ ಕೇಳಿಸ್ತದೆ’ ಎಂದು ಅವರು ಹೇಳಿದ್ದೂ ಸರಿಯೇ. ಜೋರಾದ ಸದ್ದನ್ನು ತಗ್ಗಿಸುವ, ಕಿವಿಯೊಳಗಿನ ಅತಿ ಚಿಕ್ಕ ಸ್ನಾಯುವಿಗೂ ಇದೇ ನರದ ಕವಲು ಹೋಗುತ್ತದೆ.

ಹಣೆಯ ಈ ಪರೀಕ್ಷೆಯನ್ನು ಮನೆಯಲ್ಲಿ ಕುಳಿತು ಮಾಡಿ, ಇದು ಬರೀ ನರದ ತೊಂದರೆ ಎಂದು ನಿರ್ಧರಿಸಿ ಸುಮ್ಮನಾಗುವುದು ಬೇಡವೆಂದು ಕೈಮುಗಿದು ಕೇಳುತ್ತೇನೆ. ಮಿದುಳಕಾಂಡದಲ್ಲಿಯೇ ಪೆಟ್ಟಾದರೆ ಹಣೆಯೂ ಸೋಲಬಹುದು. ಮುಖ ಸೊಟ್ಟಗಾದದ್ದು ಕಂಡರೆ, ಅದರಲ್ಲೂ ಕೈ ಸೋತಿದ್ದರೆ ಅಥವಾ ಮಾತು ತೊದಲುತ್ತಿದ್ದರೆ, ಯಾವ ಹೊತ್ತಿಗೆ ಶುರುವಾಯಿತೆಂದು ಗಡಿಯಾರ ನೋಡಿ ಬರೆದುಕೊಂಡು 108ಕ್ಕೆ ಕರೆ ಮಾಡಬೇಕು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮರ ಉರುಳಿ, ಬರೆ ಜರಿದು ರಸ್ತೆ ಮುಚ್ಚುವ ನಮ್ಮ ಊರುಗಳಲ್ಲಿ ಎಣ್ಣೆ ತಿಕ್ಕುತ್ತಾ ಕಳೆದ ಒಂದು ಗಂಟೆ ಮತ್ತೆ ಸಿಗುವುದಿಲ್ಲ.

ಬೆಲ್ಸ್ ಪಾಲ್ಸಿಯೇ ಎಂದು ವೈದ್ಯರು ಖಚಿತಪಡಿಸಿದರೆ ಹೆಚ್ಚಿನವರು ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಗುಣವಾಗುತ್ತಾರೆ. ಸ್ಟೀರಾಯ್ಡ್ ಮಾತ್ರೆಗಳನ್ನು 72 ಗಂಟೆಯೊಳಗೆ ಶುರುಮಾಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ನಾನು ಕಲಿಸುವ ವ್ಯಾಯಾಮಗಳು ಸರಳ: ಕನ್ನಡಿಯ ಮುಂದೆ ಕುಳಿತು ನಿಧಾನವಾಗಿ ಹುಬ್ಬು ಎತ್ತುವುದು, ಮೂಗು ಸುಕ್ಕಿಸುವುದು, ತುಟಿ ಸೇರಿಸುವುದು. ಬಲವಂತವಾಗಿ ಮುಖ ಕಿವುಚುವುದರಿಂದಲೂ ಕೆನ್ನೆಯನ್ನು ಗಟ್ಟಿಯಾಗಿ ತಿಕ್ಕುವುದರಿಂದಲೂ ಲಾಭವಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಕಾಳಜಿ ಬೇಕಾದದ್ದು ಮುಚ್ಚದ ಕಣ್ಣಿಗೆ, ಅದು ಒಣಗಿದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಲ್ಲಿ ಹುಣ್ಣಾಗಬಹುದು. ಹಗಲಲ್ಲಿ ವೈದ್ಯರು ಬರೆದುಕೊಟ್ಟ ಕಣ್ಣಿನ ಹನಿಗಳು, ತೋಟಕ್ಕೆ ಹೋಗುವಾಗ ಅಗಲವಾದ ಕನ್ನಡಕ; ರಾತ್ರಿ ಮುಲಾಮು ಹಾಕಿ, ರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು, ಪೂರ್ತಿ ಮುಚ್ಚಿದೆಯೆಂದು ಮನೆಯವರೊಬ್ಬರು ನೋಡಿದ ಮೇಲೆಯೇ ಅಂಟುಪಟ್ಟಿ ಹಚ್ಚಬೇಕು.