ಡೆಮೊ ದಿನ ಡೈರಿ ಕೌಂಟರಿನಲ್ಲಿ ಸಾಲು ನಿಂತಾಗ

ಬೆಳಗ್ಗೆ 6.40. ಹಾಲಿನ ಡೈರಿಯ ಕೌಂಟರಿನಲ್ಲಿ ನಮ್ಮ ಕಾಲೇಜು ಪ್ರಾಜೆಕ್ಟಿನ ಆಪ್ ಇನ್ನೂ ಐದನೆಯವರ ಹಾಲು ಬರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಹನ್ನೆರಡು ಜನರದ್ದು ಮುಗಿದಿರಬೇಕಿತ್ತು. ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಲಾಗಿನ್ ಕಟ್ಟಾಗಿ ಮತ್ತೆ ಓಟಿಪಿ ಕೇಳಿತು. ಆ ಕೋಣೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. "ಅಣ್ಣಾ, ಬುಕ್ಕಲ್ಲೇ ಬರ್ಕೊಳ್ಳಿ, ಮಕ್ಕಳನ್ನ ಸ್ಕೂಲಿಗೆ ಕಳಿಸ್ಬೇಕು" ಅಂದರು ಕ್ಯಾನ್ ಹಿಡಿದು ನಿಂತಿದ್ದ ಒಬ್ಬರು. ಸೆಕ್ರೆಟರಿ ಏನೂ ಮಾತಾಡದೆ ಡ್ರಾಯರಿನಿಂದ ರಿಜಿಸ್ಟರ್ ತೆಗೆದರು. ಪಕ್ಕದಲ್ಲೇ ನಮ್ಮ ಪ್ರಾಜೆಕ್ಟ್ ಗೈಡ್ ನಿಂತಿದ್ದರು. ಎರಡನೇ ರಿವ್ಯೂಗೆ ನಾಲ್ಕು ದಿನ ಬಾಕಿ.

ಕೋಡ್ ಕೆಟ್ಟಿರಲಿಲ್ಲ, ಟೆಸ್ಟ್ ಕೇಸ್ ಎಲ್ಲ ಪಾಸಾಗಿದ್ದವು. ಏನು ಕಟ್ಟಬೇಕು, ಏನು ಬಿಡಬೇಕು ಎಂದು ತೀರ್ಮಾನಿಸಿದ್ದೇ ತಪ್ಪಾಗಿತ್ತು. ಟೀಮ್ ಲೀಡ್ ಆಗಿ ಆ ತೀರ್ಮಾನ ನನ್ನದು. ಬೇಕು-ಬೇಡಗಳನ್ನು ನಾನು ಕೇಳಿದ್ದು ಡೈರಿ ನಡೆಸುವ ಸಂಘದ ಅಧ್ಯಕ್ಷರನ್ನು. ಅವರಿಗೆ ತಿಂಗಳ ವರದಿ, ಗ್ರಾಫ್, ಎಸ್‌ಎಂಎಸ್ ಬೇಕಿತ್ತು. ಬೇಕೆನ್ನುವುದು ನ್ಯಾಯವೇ, ಆದರೆ ಅವರು ಕೌಂಟರಿನಲ್ಲಿ ಕೂರುವವರಲ್ಲ. ಒಪ್ಪಿಗೆ ಕೊಡುವವರು ಒಬ್ಬರು, ಒದ್ದೆ ಕೈಯಲ್ಲಿ ದಿನಕ್ಕೆರಡು ಹೊತ್ತು ಬಳಸುವವರು ಇನ್ನೊಬ್ಬರು. ಇಬ್ಬರನ್ನೂ 'ಯೂಸರ್' ಎಂಬ ಒಂದೇ ಪದದಲ್ಲಿ ಬರೆದದ್ದು ಮೊದಲ ಎಡವಟ್ಟು.

ಮೊದಲ ವಾರವೇ ಮಾಡಬೇಕಿದ್ದ ಲೆಕ್ಕ ಇಷ್ಟೇ. 6.30ರಿಂದ 7.45, ಅಂದರೆ 75 ನಿಮಿಷ. ಹಾಲು ಹಾಕುವವರು 90 ಮಂದಿ. ಒಬ್ಬರಿಗೆ 50 ಸೆಕೆಂಡ್. ಅಳತೆ, ಸ್ಯಾಂಪಲ್, ಟೆಸ್ಟ್, ಬರಹ, ಸ್ಲಿಪ್ ಎಲ್ಲ ಅದರೊಳಗೇ ಮುಗಿಯಬೇಕು, ಏಕೆಂದರೆ ಎಂಟಕ್ಕೆ ವ್ಯಾನ್ ಬರುತ್ತದೆ. ನಮ್ಮದು 110 ಸೆಕೆಂಡ್ ತಿನ್ನುತ್ತಿತ್ತು. ಹೆಸರಿನ ಪಟ್ಟಿಯನ್ನು ಜಾರಿಸಿ ಹುಡುಕುವುದಕ್ಕೇ ಹೆಚ್ಚು ಹೊತ್ತು. ಒಂದೇ ಹೆಸರಿನ ಮೂವರಿದ್ದರೆ ಇನ್ನೂ ಹೆಚ್ಚು. ಸ್ಟಾಪ್‌ವಾಚ್ ಹಿಡಿದು ಒಂದು ಬೆಳಗ್ಗೆ ಕೂತಿದ್ದರೆ ಇದು ಕಾಣುತ್ತಿತ್ತು.

ಕೋರ್ಸಿನ ರಚನೆಯ ಬಗ್ಗೆಯೂ ಹೇಳಲೇಬೇಕು. ಸಿನಾಪ್ಸಿಸ್, ಅಂದರೆ ಪ್ರಾಜೆಕ್ಟಿನ ಸಾರಾಂಶ, ಎರಡನೇ ವಾರಕ್ಕೆ ಕೊಡಬೇಕು. ಅದರಲ್ಲಿ ಪರಿಹಾರ, ಟೂಲ್, ಆರ್ಕಿಟೆಕ್ಚರ್ ಚಿತ್ರಕ್ಕೆಲ್ಲ ಜಾಗವಿದೆ, ಬಳಸುವವರ ಬಳಿ ಎಷ್ಟು ಹೊತ್ತು ಕೂತಿರಿ ಎಂಬ ಪ್ರಶ್ನೆಗೆ ಜಾಗವಿಲ್ಲ. 'ನಾವೀನ್ಯ'ಕ್ಕೆ ಅಂಕ ಇರುವುದರಿಂದ ಹಾಲಿನ ಇಳುವರಿ ಊಹಿಸುವ ಮಾಡೆಲ್ ಒಂದು ಸೇರಿಕೊಂಡಿತು. ಡೈರಿಯಲ್ಲಿ ಅದನ್ನು ಕೇಳಿದವರು ಯಾರೂ ಇಲ್ಲ.

ಬ್ಯಾಕ್‌ಲಾಗನ್ನು, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು, ಮತ್ತೆ ಮೊದಲಿನಿಂದ ಬರೆದೆವು. ಕೆಲಸಗಳನ್ನು ಆದ್ಯತೆಯಂತೆ ವಿಂಗಡಿಸುವ ಮಾಸ್ಕೋ (MoSCoW) ವಿಧಾನದಲ್ಲಿ ಬೇಕೇಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲ ಬೇಡ ಎಂದು ನಾಲ್ಕು ಗುಂಪು. ಟೀಮ್‌ಗಳು ಎಡವುವುದು ಕೊನೆಯ ಗುಂಪಿನಲ್ಲಿ, ಅದನ್ನು ಖಾಲಿ ಬಿಡುತ್ತಾರೆ. ನಮ್ಮದರಲ್ಲಿ ಓಟಿಪಿ, ಗ್ರಾಫ್, ಇಳುವರಿ ಊಹೆ ಮೂರೂ ಅಲ್ಲಿಗೆ ಹೋದವು. ಊಹೆಯ ಮಾಡೆಲ್ ಕಟ್ಟಿದ ಗೆಳೆಯನಿಗೆ ಆರು ವಾರದ ಕೆಲಸ ಬಿಡು ಎನ್ನುವುದು ಕಷ್ಟವಾಯಿತು. ಎದುರಿಗೆ ಕೂತು, ಸೆಕೆಂಡುಗಳ ಲೆಕ್ಕ ತೋರಿಸಿಯೇ ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಹೇಳುವ ವಿಷಯವಲ್ಲ ಅದು.

'ಬೇಕೇಬೇಕು' ಗುಂಪಿನ ವಿವರ ಹೀಗೆ. ಹೆಸರಿನ ಬದಲು ಪಾಸ್‌ಬುಕ್ ನಂಬರ್, ದೊಡ್ಡ ಅಂಕಿಗಳ ಕೀಪ್ಯಾಡ್. ದಾಖಲೆ ಮೊದಲು ಫೋನಿನಲ್ಲೇ ಉಳಿಯಬೇಕು, ಸಿಗ್ನಲ್ ಬಂದಾಗ ಸರ್ವರಿಗೆ ಹೋಗಬೇಕು. ಒಂದೇ ದಾಖಲೆ ಎರಡು ಸಲ ಹೋಗದಂತೆ ದಿನಾಂಕ, ಹೊತ್ತು, ಪಾಸ್‌ಬುಕ್ ನಂಬರ್, ಸರದಿ ಸಂಖ್ಯೆ ಸೇರಿಸಿ ದಾಖಲೆಯನ್ನು ಗುರುತಿಸುವ ಕೀ ಮಾಡಬೇಕು. ಒಬ್ಬರೇ ಎರಡು ಕ್ಯಾನ್ ತರುವುದುಂಟು, ಸರದಿ ಸಂಖ್ಯೆ ಇಲ್ಲದಿದ್ದರೆ ಎರಡನೆಯ ಕ್ಯಾನ್ ಅಳಿಸಿಹೋಗುತ್ತದೆ. ಹಾಲು ಪರೀಕ್ಷಿಸುವ ಯಂತ್ರವಾದ ಮಿಲ್ಕ್ ಅನಲೈಸರಿನ ಸೀರಿಯಲ್ ಪೋರ್ಟಿನಿಂದ ಫ್ಯಾಟ್ ನೇರ ಓದಬಹುದು, ಆದರೆ ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ಎರಡೂ ಕಡೆ ಹೊಂದದಿದ್ದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. 58 ಮಿಲಿಮೀಟರ್ ಥರ್ಮಲ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಸಾಲನ್ನು 384 ಚುಕ್ಕಿ ಅಗಲದ ಚಿತ್ರವಾಗಿಸಿ ಕಳಿಸಬೇಕು, ಅದು ನಿಧಾನ. ಹಾಗಾಗಿ ಕನ್ನಡದ ತಲೆಬರಹ ಮಾತ್ರ ಚಿತ್ರ, ಅಂಕಿಗಳೆಲ್ಲ ಪ್ರಿಂಟರಿನದೇ ಫಾಂಟ್.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ, ಫ್ಯಾಟ್‌ನ 0.2 ಪಾಲು ಸೇರಿಸಿ, ಮೇಲೊಂದು ಸ್ಥಿರಾಂಕ ಕೂಡಿಸುವುದು ರೂಢಿ. ಈ ಸ್ಥಿರಾಂಕ ಎಲ್ಲೆಡೆ ಒಂದೇ ಅಲ್ಲ. 0.36 ಹಿಡಿದರೆ, 28 ಡಿಗ್ರಿ, 4.0 ಫ್ಯಾಟ್‌ಗೆ 8.16 ಬರುತ್ತದೆ. ಅದನ್ನು 8.1 ಎನ್ನಬೇಕೋ 8.2 ಎನ್ನಬೇಕೋ? ದರಪಟ್ಟಿಯಲ್ಲಿ ಅವೆರಡೂ ಬೇರೆ ಬೇರೆ ಕಾಲಂ. ಕೋಡ್ ಬರೆಯುವವರು ತಮ್ಮ ಅಂದಾಜಿನಲ್ಲಿ ರೌಂಡ್ ಮಾಡಿದರೆ ಬಟವಾಡೆಯ ದಿನ ಒಬ್ಬರ ದುಡ್ಡು ಹೆಚ್ಚುಕಡಿಮೆ ಆಗುತ್ತದೆ. ಸಂಘದಲ್ಲಿ ಕೇಳಿ, ಹಳೆಯ ಸ್ಲಿಪ್ ಇಪ್ಪತ್ತನ್ನಾದರೂ ತಂದು ತಾಳೆ ನೋಡಿ, ಆಮೇಲೆ ಸ್ವೀಕಾರ ಷರತ್ತಿನಲ್ಲಿ (ಕೆಲಸ ಮುಗಿಯಿತೆನ್ನಲು ಬೇಕಾದ ಷರತ್ತು) ಬರೆಯಬೇಕು: ಇಪ್ಪತ್ತೂ ಪೈಸೆ ಸಮೇತ ಹೊಂದದೆ ಈ ಕೆಲಸ ಮುಗಿದಿಲ್ಲ.

ಮುಂದಿನ ಪ್ರಯೋಗ ಸಂಜೆ ಹೊತ್ತು ಮಾಡಿದೆವು, ರಿಜಿಸ್ಟರ್ ಪಕ್ಕದಲ್ಲೇ ತೆರೆದಿಟ್ಟು, ಮೊದಲ ಹತ್ತು ಜನರಿಗೆ ಮಾತ್ರ. ಒಬ್ಬರಿಗೆ 52 ಸೆಕೆಂಡ್ ಆಯಿತು. ಅದರಲ್ಲಿ ದೊಡ್ಡ ಪಾಲು ಅನಲೈಸರಿನದು, ಅದನ್ನು ಸಾಫ್ಟ್‌ವೇರ್ ಇಳಿಸಲಾರದು. ಆದ್ದರಿಂದ ಒಬ್ಬರ ಟೆಸ್ಟ್ ನಡೆಯುವಾಗಲೇ ಮುಂದಿನವರ ನಂಬರ್, ಲೀಟರ್ ಒತ್ತುವಂತೆ ಸ್ಕ್ರೀನನ್ನು ಎರಡು ಭಾಗ ಮಾಡಿದೆವು. ಎರಡೂ ಭಾಗದಲ್ಲಿ ಪಾಸ್‌ಬುಕ್ ನಂಬರ್ ದಪ್ಪಗೆ ಕಾಣುತ್ತಿರಬೇಕು, ಇಲ್ಲದಿದ್ದರೆ ಒಬ್ಬರ ಫ್ಯಾಟ್ ಇನ್ನೊಬ್ಬರ ಲೆಕ್ಕಕ್ಕೆ ಸೇರುತ್ತದೆ.