‘ಬೇಡಿಕೆ ಇಲ್ಲ’ ಎಂದು ನಾನು ಬರೆದ ಹೆಸರುಗಳು

ನಾನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಗ್ರಾಮ ಕಾಯಕ ಮಿತ್ರಳಾಗಿ ಸೇರಿದ ಹೊಸದು. ಉದ್ಯೋಗ ಖಾತ್ರಿ (ನರೇಗಾ) ಕೆಲಸ ಬೇಕು ಅನ್ನುವವರಿಂದ ಅರ್ಜಿ ಬರೆಸೋದು, ಕೂಲಿ ಖಾತೆಗೆ ಬಂತಾ ಅಂತ ನೋಡೋದು ನನ್ನ ಕೆಲಸ. ಜಾಬ್ ಕಾರ್ಡ್ ಇದ್ದೂ ನಮೂನೆ 6, ಅಂದರೆ ಕೆಲಸ ಕೇಳುವ ಅರ್ಜಿ, ಕೊಡದವರ ಪಟ್ಟಿ ಮಾಡಿ, ಎಲ್ಲರ ಹೆಸರಿನ ಮುಂದೆ ‘ಬೇಡಿಕೆ ಇಲ್ಲ’ ಎಂದು ಬರೆದಿದ್ದೆ. ಕೇಳಿಲ್ಲ ಅಂದರೆ ಬೇಡ ಅಂತಲೇ ಅಲ್ವಾ, ಅಂದುಕೊಂಡಿದ್ದೆ.

2024ರ ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೆಲಸ ನಡೀತಿತ್ತು. ಆ ವರ್ಷದ ಕೂಲಿ ದಿನಕ್ಕೆ 349 ರೂಪಾಯಿ. ಶೇಂಗಾ ಹೊಲಗಳೆಲ್ಲ ಖಾಲಿ ಬಿದ್ದಿರುವ ಕಾಲ, ಅರ್ಧ ಹಟ್ಟಿಯೇ ಕೆರೆಯಂಗಳಕ್ಕೆ ಬಂದಿತ್ತು. ಬೆಳಗಿನ ಫೋಟೊ ಹಾಜರಿ ಮುಗಿಸಿ ತಿರುಗಿದರೆ, ಏರಿ ಮೇಲೆ ಜಾಲಿ ಗಿಡದ ಕೆಳಗೆ ಒಬ್ಬ ಅಜ್ಜಿ ಕೂತಿದ್ದರು. ತೊಡೆ ಮೇಲೆ ಬುಟ್ಟಿ. ಅಂಚು ಕೈಗೆ ಚುಚ್ಚದಿರಲಿ ಅಂತ ಹಳೇ ಸೀರೆ ಚೂರು ಹರಿದು ನೀಟಾಗಿ ಸುತ್ತಿದ್ದರು. ಕೆಲಸಕ್ಕೆ ಬರುವ ಮನಸ್ಸಿಲ್ಲದವರು ಬುಟ್ಟಿಗೆ ಬಟ್ಟೆ ಸುತ್ತಿಕೊಂಡು ಬರ್ತಾರಾ?

‘ಮೂರು ದಿನದಿಂದ ಬರ್ತಾ ಇದೀನಿ ಕಣವ್ವಾ. ಯಾವ ಗುಂಪಿನೋರೂ ಸೇರಿಸಿಕೊಳ್ಳಲ್ಲ’ ಅಂದರು.

ಗುಂಪಿನ ಕಾಯಕ ಬಂಧು, ಅಂದರೆ ಕೂಲಿಕಾರರ ಮುಂದಾಳು, ಆಗಿದ್ದ ಅಕ್ಕನನ್ನು ಕೇಳಿದೆ. ಅವರು ಕೆಟ್ಟವರಲ್ಲ. ‘ಅಜ್ಜಿ ಬಂದ್ರೆ ನಮ್ ಕೂಲಿ ಕಮ್ಮಿ ಆಗುತ್ತಲ್ಲ ಮೇಡಂ’ ಅಂದರು. ಮಾತು ನಿಜ. ಖಾತ್ರಿಯಲ್ಲಿ ಸುಮ್ನೆ ಹಾಜರಿಗೆ ಕೂಲಿ ಕೊಡ್ತಿರಲಿಲ್ಲ. ಎಂಜಿನಿಯರ್ ಬಂದು ಗುಂಡಿಯ ಉದ್ದ, ಅಗಲ, ಆಳ ಅಳೆಯುತ್ತಿದ್ದರು. ಬಂದ ಅಳತೆಯನ್ನು ಗುಂಪಿನ ತಲೆಗಳಿಗೆ ಹಂಚುತ್ತಿದ್ದರು. ಹತ್ತು ಜನರಲ್ಲಿ ಇಬ್ಬರು ಅರ್ಧ ಅಗೆದರೆ ಅಷ್ಟೂ ಜನರ ಕೂಲಿ ಕಡಿಮೆಯಾಗುತ್ತಿತ್ತು. ಮುದುಕರು, ಅಂಗವಿಕಲರು, ಬಾಣಂತಿಯರು ಹೊರಗುಳಿಯುತ್ತಿದ್ದದ್ದು ಹೀಗೆ. ಯಾರೂ ಅವರನ್ನು ಬೈದು ಕಳಿಸಿರಲಿಲ್ಲ. ಲೆಕ್ಕ ಕಳಿಸಿತ್ತು.

ಇದಕ್ಕೆ ದಾರಿ ಇರಲಿಲ್ಲವಾ? ಇತ್ತು. ನಮ್ಮ ರಾಜ್ಯದಲ್ಲಿ ಹಿರಿಯರಿಗೆ, ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಶೇ 50ರಷ್ಟು ರಿಯಾಯಿತಿ ಇತ್ತು. ಅರ್ಧ ಅಗೆದರೂ ಪೂರ್ತಿ ಕೂಲಿ. ತರಬೇತಿಯಲ್ಲಿ ಅದನ್ನು ನಾನೇ ನೋಟ್‌ಬುಕ್ಕಿಗೆ ಬರೆದುಕೊಂಡಿದ್ದೆ. ಅಳತೆ ಎಂಜಿನಿಯರ್ ವಿಷಯ, ನನಗೇಕೆ ಅಂತ ಬಿಟ್ಟಿದ್ದೆ. ಆ ತಪ್ಪು ನನ್ನದೇ.

ಆ ಸಂಜೆಯೇ ಪಟ್ಟಿ ಹಿಡಿದು ಹಟ್ಟಿಗೆ ಹೋದೆ. ಎಮ್ಮೆ ಕಟ್ಟಿ, ಒಲೆ ಹಚ್ಚುವ ಹೊತ್ತು. ಒಬ್ಬಾಕೆ ಗಂಡ ಬಿಟ್ಟು ತವರಿಗೆ ಬಂದವಳು, ಹೆಸರು ಇನ್ನೂ ಗಂಡನ ಮನೆಯ ಕಾರ್ಡಿನಲ್ಲಿ. ಒಂಟಿ ಹೆಣ್ಣುಮಕ್ಕಳಿಗೆ ಬೇರೆ ಕಾರ್ಡ್ ಸಿಗುತ್ತೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲು ಊನ ಇದ್ದ ಒಬ್ಬ ಅಣ್ಣ, ‘ಕೇಳಿದ್ರೆ ನಗ್ತಾರೆ’ ಅಂತ ಅರ್ಜಿಯನ್ನೇ ಕೊಟ್ಟಿರಲಿಲ್ಲ. ಅರ್ಜಿ ಕೊಟ್ಟವರಿಗೆ ತಾರೀಕು ಹಾಕಿದ ರಸೀದಿ ಕೊಡಲೇಬೇಕಿತ್ತು. ಆ ದಿನದಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾನೂನಿನಲ್ಲೇ ಇತ್ತು. ರಸೀದಿ ಇಲ್ಲದಿದ್ದರೆ ಯಾವ ದಿನದಿಂದ ಎಣಿಸೋದು? ಅದಕ್ಕೇ ಆ ಸಂಜೆಯಿಂದ ರಸೀದಿ ಪುಸ್ತಕ ನನ್ನ ಚೀಲ ಬಿಟ್ಟು ಇಳಿದಿಲ್ಲ.

ಮುಂದಿನ ವಾರ ಏಳು ಜನರ ಬೇರೆ ಗುಂಪಾಯಿತು, ಬೇರೆ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆಸಿದೆವು. ಏರಿ ಪಕ್ಕ, ಮಣ್ಣು ಮೆತ್ತಗಿರುವ ಕಡೆ ಸುಣ್ಣದ ಗೆರೆ ಎಳೆದು ಅವರ ಗುಂಡಿ ಗುರುತು ಮಾಡಿಸಿದೆ. ಎಂಜಿನಿಯರ್ ಸರ್ ಟೇಪು ಹಿಡಿದಾಗ ಅಜ್ಜಿ ಮಂಡಿಯೂರಿ ಇನ್ನೊಂದು ತುದಿಯನ್ನು ಒತ್ತಿ ಹಿಡಿದುಕೊಂಡರು, ಒಂದು ಬೆರಳಗಲವೂ ಸರಿಯದ ಹಾಗೆ.

2006ರಲ್ಲಿ ಈ ಯೋಜನೆ ಮೊದಲು ಶುರುವಾದ ದೇಶದ 200 ಜಿಲ್ಲೆಗಳಲ್ಲಿ ಕರ್ನಾಟಕದ್ದು ಐದು. ಅದರಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಇದ್ದವು. ಹಿಂದುಳಿದ ಜಿಲ್ಲೆ ಅಂತಲೇ ದುಡ್ಡು ಮೊದಲು ಇಲ್ಲಿಗೆ ಬಂತು. ಆದರೆ ಏರಿ ಮೇಲಿನ ಜಾಲಿ ಗಿಡದವರೆಗೆ ಬರಲು ಅದಕ್ಕೆ ಹದಿನೆಂಟು ವರ್ಷ ಹಿಡಿಯಿತು. ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ.

ಕೂಲಿ ಜಮೆಯಾದ ದಿನ ಅಜ್ಜಿ ಪಾಸ್‌ಬುಕ್ ತಂದು ನನ್ನ ಮುಂದೆ ಬಿಚ್ಚಿದರು. ‘ಓದು’ ಅಂದರು. ಓದಿದೆ. ‘ಇನ್ನೊಂದ್ಸಲ ಓದವ್ವಾ’ ಅಂದರು.